ತಂದೆತಾಯಿಯರನ್ನು ಚಿತ್ರಿಸಿದ ಮಕ್ಕಳು: ಗೆಳೆಯರು ಹೇಳಿ ಓದಿಸಿದ ಗ್ರಾಫಿಕ್ ಆತ್ಮಕಥನಗಳು

ಗ್ರಾಫಿಕ್ ಆತ್ಮಕಥನಗಳ, ಅಂದರೆ ಲೇಖಕರು ತಮ್ಮ ಬದುಕನ್ನು ಕಾಮಿಕ್ಸ್ ರೂಪದಲ್ಲಿ ಹೇಳಿಕೊಳ್ಳುವ ಪುಸ್ತಕಗಳ ಬಗ್ಗೆ ಗೆಳೆಯರ ನಡುವೆ ಮಾತು ಬಂದಾಗ ಶಿಫಾರಸು ಸಾಮಾನ್ಯವಾಗಿ ವಸ್ತುವಿನ ಹೆಸರಿನಿಂದಲೇ ಶುರುವಾಗುತ್ತದೆ. ಇದು ಯಹೂದಿಗಳ ನರಮೇಧದ ಪುಸ್ತಕ, ಅದು ಇರಾನಿನ ಕ್ರಾಂತಿಯ ಪುಸ್ತಕ, ಇನ್ನೊಂದು ವಿಯೆಟ್ನಾಮಿನಿಂದ ದೋಣಿಯಲ್ಲಿ ಪಾರಾಗಿ ಬಂದವರದ್ದು, ಮತ್ತೊಂದು ಕ್ಯಾನ್ಸರಿನದ್ದು ಎಂದು ಹೇಳಿ ಪುಸ್ತಕವನ್ನು ಕೈಗಿಡುತ್ತಾರೆ. ಹೇಳಿದ್ದರಲ್ಲಿ ತಪ್ಪೇನೂ ಇರುವುದಿಲ್ಲ. ಆದರೆ ಓದಿ ಬಹಳ ಕಾಲ ಕಳೆದ ಮೇಲೂ ನೆನಪಿನಲ್ಲಿ ನಿಲ್ಲುವುದು ಮುದಿ ತಂದೆಯೊಬ್ಬ ಮೇಜಿನ ಮೇಲೆ ಮಾತ್ರೆಗಳನ್ನು ಹರಡಿಕೊಂಡು ಎಣಿಸುವ ರೀತಿ, ತಾಯಿಯೊಬ್ಬಳು ಅಡುಗೆಮನೆಯ ಕಪಾಟಿನ ಬಾಗಿಲನ್ನು ಬಡಿದು ಮುಚ್ಚುವ ಸದ್ದು, ಅಪಾಯದ ಸುಳಿವು ಸಿಕ್ಕ ಕೂಡಲೇ ಹುಡುಗಿಯೊಬ್ಬಳ ಕೈ ಮನೆಯ ದಾಖಲೆಪತ್ರಗಳ ಕಡತದತ್ತ ಚಾಚುವುದು. ಕುಟುಂಬ ಮತ್ತು ಬಾಲ್ಯವನ್ನು ಕುರಿತ ಈ ಪುಸ್ತಕಗಳ ಶಕ್ತಿ ಇರುವುದು ಅಂಥ ವಿವರಗಳಲ್ಲಿ. ಆದ್ದರಿಂದ ಗೆಳೆಯರ ಮಾತು ಕೇಳಿ ನಾನು ಓದಿದ, ಈಗ ನಾನೂ ಇತರರಿಗೆ ಹೇಳುತ್ತಿರುವ ಕೆಲವು ಕೃತಿಗಳನ್ನು ಒಂದೇ ಪ್ರಶ್ನೆಯಿಟ್ಟುಕೊಂಡು ನೋಡಬೇಕೆಂದಿದ್ದೇನೆ: ಮಗು ದೊಡ್ಡದಾದ ಮೇಲೆ ತನ್ನ ತಂದೆತಾಯಿಯರನ್ನು ಹೇಗೆ ಚಿತ್ರಿಸಿದೆ?

ಚಿತ್ರಿಸುವುದೆಂದರೆ ಇಲ್ಲಿ ಕಾಗದದ ಮೇಲೆ ಶಾಯಿಯಲ್ಲಿ ಚಿತ್ರಿಸುವುದೇ ಸರಿ. ಗದ್ಯದಲ್ಲಿ ಆತ್ಮಕಥೆ ಬರೆಯುವವರು ಆ ದಿನ ಅಪ್ಪ ಸಿಟ್ಟಾಗಿದ್ದರು ಎಂದು ಒಂದು ವಾಕ್ಯ ಬರೆದು ಮುಂದೆ ಹೋಗಬಹುದು. ಚಿತ್ರಕಥೆ ರಚಿಸುವವರಿಗೆ ಆ ಅನುಕೂಲವಿಲ್ಲ. ಅಪ್ಪ ಎಲ್ಲಿ ನಿಂತಿದ್ದರು, ಕೈಯಲ್ಲಿ ಏನಿತ್ತು, ಮುಖ ಯಾರ ಕಡೆಗಿತ್ತು, ಆ ಹೊತ್ತಿನಲ್ಲಿ ಅಮ್ಮ ಯಾವ ಕೋಣೆಯಲ್ಲಿದ್ದರು ಎಂಬುದನ್ನೆಲ್ಲ ಪ್ರತಿಯೊಂದು ಚೌಕಟ್ಟಿನಲ್ಲೂ ನಿರ್ಧರಿಸಲೇಬೇಕು. ತಾವು ಹುಟ್ಟುವ ಮೊದಲಿನ ಸಂಗತಿಯಾದರೆ ಅಪ್ಪನನ್ನು ಏಳೆಂಟು ವರ್ಷದ ಹುಡುಗನಾಗಿ, ಅಮ್ಮನನ್ನು ಇನ್ನೂ ಮದುವೆಯಾಗದ ತರುಣಿಯಾಗಿ ಕಲ್ಪಿಸಿಕೊಂಡು, ಅದೇ ಮುಖವನ್ನು ನೂರಾರು ಸಲ ಬರೆಯಬೇಕು. ಹೀಗೆ ವರ್ಷಗಟ್ಟಲೆ ಒಬ್ಬರ ದೇಹವನ್ನು ಗಮನಿಸುತ್ತ ಕುಳಿತವರಿಗೆ ಅವರ ಮೇಲಿನ ದೂರು ಮೊದಲಿದ್ದಂತೆಯೇ ಉಳಿಯುವುದು ಕಷ್ಟ. ಕ್ಷಮೆ ಹುಟ್ಟುತ್ತದೆಯೋ ಇಲ್ಲವೋ ಬೇರೆ ಮಾತು. ತಂದೆ ಮತ್ತು ತಾಯಿ ತಮ್ಮದೇ ಭಯ, ಆಸೆ, ಸೋಲುಗಳಿರುವ ಮನುಷ್ಯರಾಗಿ ಕಾಣಿಸಿಕೊಳ್ಳತೊಡಗುತ್ತಾರೆ. ಈ ಪ್ರಕಾರದ ಒಳ್ಳೆಯ ಪುಸ್ತಕವನ್ನು ಸಾಧಾರಣ ಪುಸ್ತಕದಿಂದ ಬೇರ್ಪಡಿಸುವ ಗುಣ ಇದೇ ಎಂದು ನನ್ನ ಅಭಿಪ್ರಾಯ.

ಎಲ್ಲರೂ ಮೊದಲು ಹೇಳುವ ಹೆಸರು, ಯಹೂದಿಗಳ ನರಮೇಧದಿಂದ ಬದುಕುಳಿದ ತಂದೆಯ ಕಥೆಯನ್ನು ಹೇಳುವ ಆರ್ಟ್ ಸ್ಪೀಗಲ್‌ಮನ್ ಅವರ 'ಮೌಸ್'. ಅದಕ್ಕಿಂತ ಮೊದಲೇ, 1972ರಲ್ಲಿ, ಜಸ್ಟಿನ್ ಗ್ರೀನ್ ಎಂಬ ಅಮೆರಿಕನ್ ಕಲಾವಿದರು ತಮ್ಮ ಬಾಲ್ಯದ ಧಾರ್ಮಿಕ ಭಯಗಳನ್ನು ಕಾಮಿಕ್ಸ್ ರೂಪದಲ್ಲಿ ಹೇಳಿಕೊಂಡು ಈ ದಾರಿಯನ್ನು ತೆರೆದಿದ್ದರು, ಮತ್ತು ಸ್ಪೀಗಲ್‌ಮನ್ ಆ ಋಣವನ್ನು ಒಪ್ಪಿಕೊಂಡಿದ್ದಾರೆ. 'ಮೌಸ್' ಕೃತಿಯ ಮೊದಲ ಸಂಪುಟ 1986ರಲ್ಲಿ, ಎರಡನೆಯದು 1991ರಲ್ಲಿ ಹೊರಬಂದವು. 1992ರಲ್ಲಿ ಅದಕ್ಕೆ ವಿಶೇಷ ಪುಲಿಟ್ಜರ್ ಪ್ರಶಸ್ತಿ ದೊರೆಯಿತು. ಯಹೂದಿಗಳು ಇಲಿಗಳಾಗಿ, ಜರ್ಮನರು ಬೆಕ್ಕುಗಳಾಗಿ, ಪೋಲೆಂಡಿನವರು ಹಂದಿಗಳಾಗಿ ಬರುವ ಸಂಗತಿ ಪುಸ್ತಕ ಓದದವರಿಗೂ ಗೊತ್ತಿರುತ್ತದೆ. ಗೆಳೆಯರ ಶಿಫಾರಸು ಬಹಳ ಸಲ ಅಲ್ಲಿಗೇ ನಿಂತುಬಿಡುತ್ತದೆ. ಆದರೆ ಈ ಪುಸ್ತಕದ ಆಳವಾದ ನೋವು ಇರುವುದು ತಂದೆಯೊಬ್ಬ ಕಥೆ ಹೇಳುತ್ತಿರುವಾಗ ಮಗನೊಬ್ಬ ಅದನ್ನು ಬರೆದುಕೊಳ್ಳುವ ಆ ಮನೆಯೊಳಗೆ.

ಪುಸ್ತಕ ತೆರೆದುಕೊಳ್ಳುವುದು ನಾಜಿಗಳ ಶಿಬಿರದಲ್ಲಿ ಅಲ್ಲ, ಎರಡನೆಯ ಮಹಾಯುದ್ಧ ಮುಗಿದು ಹದಿಮೂರು ವರ್ಷವಾದ ಮೇಲೆ ನ್ಯೂಯಾರ್ಕಿನ ಒಂದು ಬಡಾವಣೆಯಲ್ಲಿ. ಸ್ಕೇಟ್ ಕಳಚಿ ಬಿದ್ದ ಹುಡುಗನನ್ನು ಬಿಟ್ಟು ಜೊತೆಗಾರರು ಮುಂದೆ ಹೋಗಿದ್ದಾರೆ. ಅವನು ಅಳುತ್ತ ಮನೆಗೆ ಬರುತ್ತಾನೆ. ಮರ ಕೊಯ್ಯುತ್ತಿದ್ದ ತಂದೆ ಕೆಲಸ ನಿಲ್ಲಿಸಿ, ಅನ್ನವಿಲ್ಲದೆ ಒಂದು ವಾರ ಒಂದೇ ಕೋಣೆಯಲ್ಲಿ ಕೂಡಿಹಾಕಿದರೆ ಗೆಳೆಯರೆಂದರೆ ಏನೆಂಬುದು ತಿಳಿಯುತ್ತದೆ ಎಂಬರ್ಥದ ಮಾತನಾಡುತ್ತಾನೆ. ಎರಡೇ ಪುಟದ ಈ ಪ್ರಸಂಗದಲ್ಲಿ ಇಡೀ ಕೃತಿಯ ಪ್ರಶ್ನೆ ಅಡಗಿದೆ: ಇಂಥ ನೆನಪಿನ ಅಡಿಯಲ್ಲಿ ಬೆಳೆದ ಮಗುವಿಗೆ ತನ್ನದೇ ಆದ ಸಣ್ಣ ದುಃಖಕ್ಕೆ ಹಕ್ಕಿದೆಯೇ?

ಮುಂದೆ ತಂದೆ ವ್ಲಾಡೆಕ್ ತನ್ನ ಕಥೆಯನ್ನು ಹೇಳಲು ಒಪ್ಪುವುದು ಮನೆಯೊಳಗಿನ ವ್ಯಾಯಾಮದ ಸೈಕಲ್ಲಿನ ಮೇಲೆ ಕುಳಿತು ಪೆಡಲು ತುಳಿಯುತ್ತ. ಆ ಚೌಕಟ್ಟಿನಲ್ಲಿ ಅವನ ಎರಡು ತೋಳುಗಳ ನಡುವೆ ಮಗ ಕುಳಿತಿರುವುದು ಕಾಣುತ್ತದೆ; ಒಂದು ತೋಳಿನ ಮೇಲೆ ಶಿಬಿರದಲ್ಲಿ ಹಚ್ಚೆ ಹಾಕಿದ ಸಂಖ್ಯೆ ಇದೆ. ಅದರ ಬಗ್ಗೆ ಯಾರೂ ಒಂದು ಮಾತನ್ನೂ ಆಡುವುದಿಲ್ಲ. ಮಗನಿಗೆ ಅದು ಹುಟ್ಟಿದಾಗಿನಿಂದ ನೋಡಿ ರೂಢಿಯಾದ ಅಪ್ಪನ ಕೈ, ಓದುಗನಿಗೆ ಮಾತ್ರ ಅದು ಎದೆಗೆ ಗುದ್ದಿದಂತಾಗುತ್ತದೆ. ಇದನ್ನು ಮಾತಿನಲ್ಲಿ ಹೇಳಹೊರಟಿದ್ದರೆ ಸಂಖ್ಯೆಯನ್ನು ಉಲ್ಲೇಖಿಸಲೇಬೇಕಾಗುತ್ತಿತ್ತು, ಉಲ್ಲೇಖಿಸಿದೊಡನೆ ಆ ರೂಢಿಯ ಭಾವ ಹೊರಟುಹೋಗುತ್ತಿತ್ತು.

ವ್ಲಾಡೆಕ್‌ನನ್ನು ಸ್ಪೀಗಲ್‌ಮನ್ ಪೂಜ್ಯ ಮೂರ್ತಿಯಾಗಿ ನಿಲ್ಲಿಸಿಲ್ಲ. ಅವನು ರಸ್ತೆಯಲ್ಲಿ ಬಿದ್ದ ಟೆಲಿಫೋನ್ ತಂತಿಯನ್ನು ಎತ್ತಿಟ್ಟುಕೊಳ್ಳುತ್ತಾನೆ, ಅರ್ಧ ಖಾಲಿಯಾದ ದಿನಸಿ ಡಬ್ಬಿಗಳನ್ನು ಅಂಗಡಿಗೆ ಹಿಂದಿರುಗಿಸಲು ಹೋಗಿ ಮಗನಿಗೆ ಮುಜುಗರ ಉಂಟುಮಾಡುತ್ತಾನೆ, ಮಗನ ಕೋಟು ತನಗೆ ಹಿಡಿಸಲಿಲ್ಲವೆಂದು ಕೇಳದೆಯೇ ಕಸಕ್ಕೆ ಎಸೆಯುತ್ತಾನೆ, ಎರಡನೆಯ ಹೆಂಡತಿಯನ್ನು ಗೋಳುಹೊಯ್ದುಕೊಳ್ಳುತ್ತಾನೆ, ಅಷ್ಟೆಲ್ಲ ಅನುಭವಿಸಿದ ಮೇಲೂ ಕಪ್ಪು ಜನಾಂಗದವನೊಬ್ಬನನ್ನು ಕಾರಿನಲ್ಲಿ ಹತ್ತಿಸಿಕೊಂಡದ್ದಕ್ಕೆ ಸೊಸೆಯ ಮೇಲೆ ಸಿಡುಕುತ್ತಾನೆ. ಸಂಕಟ ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡಿಯೇ ತೀರುತ್ತದೆ ಎಂಬ ನಂಬಿಕೆಗೆ ಇಲ್ಲಿ ಜಾಗವಿಲ್ಲ. ಆತನ ಮಾತಿನ ಧಾಟಿಯನ್ನೂ ಗಮನಿಸಬೇಕು: ವರ್ತಮಾನದಲ್ಲಿ ಅವನು ಮಾತನಾಡುವುದು ವಲಸೆ ಬಂದವನ ತೊಡರುವ ಇಂಗ್ಲಿಷಿನಲ್ಲಿ, ಆದರೆ ಪೋಲೆಂಡಿನ ಯೌವನದ ದೃಶ್ಯಗಳಲ್ಲಿ ಅದೇ ವ್ಯಕ್ತಿ ಸರಾಗವಾಗಿ, ಚುರುಕಾಗಿ ಮಾತನಾಡುತ್ತಾನೆ. ದೇಶ ಬಿಟ್ಟಾಗ ಏನೇನು ಹೋಯಿತು ಎಂಬುದರ ಲೆಕ್ಕ ಓದುಗನ ಕಿವಿಗೆ ತಾನಾಗಿ ಬೀಳುತ್ತದೆ.

ತಾಯಿ ಆನ್ಯಾ ಈ ಪುಸ್ತಕದ ಖಾಲಿ ಜಾಗ. ಅವಳು 1968ರಲ್ಲಿ ಆತ್ಮಹತ್ಯೆ ಮಾಡಿಕೊಂಡಳು. ಅವಳ ದಿನಚರಿಗಳನ್ನು ವ್ಲಾಡೆಕ್ ಸುಟ್ಟುಹಾಕಿದ್ದಾನೆಂದು ಮೊದಲ ಸಂಪುಟದ ಕೊನೆಯಲ್ಲಿ ಮಗನಿಗೆ ತಿಳಿಯುತ್ತದೆ, ಮತ್ತು ಅವನು ತಂದೆಯನ್ನು ಕೊಲೆಗಾರನೆಂದು ಕರೆಯುತ್ತಾನೆ. ಲಕ್ಷಾಂತರ ಜನರ ಕೊಲೆಯ ಕಥೆಯ ನಡುವೆ ಆ ಮಾತು ಸುಟ್ಟ ಕಾಗದಗಳಿಗಾಗಿ, ಅದೂ ಬದುಕುಳಿದು ಬಂದ ತಂದೆಯ ಮೇಲೆ ಬೀಳುತ್ತದೆ. ಎರಡನೆಯ ಸಂಪುಟದಲ್ಲಿ ಸ್ಪೀಗಲ್‌ಮನ್ ತಮ್ಮನ್ನೇ ಇಲಿಯ ಮುಖವಾಡ ಕಟ್ಟಿಕೊಂಡ ಮನುಷ್ಯನಾಗಿ, ಹೆಣಗಳ ರಾಶಿಯ ಮೇಲಿಟ್ಟ ಬರೆಯುವ ಮೇಜಿನ ಮುಂದೆ ಕುಳ್ಳಿರಿಸಿಕೊಂಡು ಮೊದಲ ಸಂಪುಟದ ಯಶಸ್ಸನ್ನು ಪ್ರಶ್ನಿಸಿಕೊಳ್ಳುತ್ತಾರೆ. ಪತ್ರಕರ್ತರು ಪ್ರಶ್ನೆ ಕೇಳುತ್ತ ಹೋದಂತೆ ಅವರ ಆಕೃತಿ ಕುಗ್ಗಿ ಕುಗ್ಗಿ ಮಗುವಿನಷ್ಟಾಗುತ್ತದೆ. ತಂದೆಯನ್ನು ಚಿತ್ರಿಸುವ ಕೆಲಸ ಮಗನನ್ನು ಯಾವ ವಯಸ್ಸಿಗೆ ಹಿಂದಿರುಗಿಸುತ್ತದೆ ಎಂಬುದನ್ನು ಇದಕ್ಕಿಂತ ನೇರವಾಗಿ ತೋರಿಸಿದ ಪುಟಗಳನ್ನು ನಾನು ಕಂಡಿಲ್ಲ.

ಪ್ರಾಣಿಮುಖಗಳ ಈ ಉಪಾಯವನ್ನು ಮಲಿಕ್ ಸಜಾದ್ ಅವರು 2015ರ 'ಮುನ್ನು: ಎ ಬಾಯ್ ಫ್ರಂ ಕಾಶ್ಮೀರ್' ಕೃತಿಯಲ್ಲಿ ಬೇರೆ ಬಗೆಯಲ್ಲಿ ಬಳಸಿದ್ದಾರೆ. ಅಲ್ಲಿ ಕಾಶ್ಮೀರಿಗಳಿಗೆ ಮಾತ್ರ ಹಂಗುಲ್ ಜಿಂಕೆಯ ಮುಖ, ಉಳಿದವರೆಲ್ಲ ಮನುಷ್ಯರು. ಅಳಿವಿನ ಅಂಚಿನಲ್ಲಿರುವ ಆ ಜಿಂಕೆಯ ದೊಡ್ಡ ಕಣ್ಣುಗಳು ಮನೆಯ ಕಿರಿಯ ಮಗನಿಗೆ ಚೆನ್ನಾಗಿ ಹೊಂದಿಕೊಳ್ಳುತ್ತವೆ. ಪುಸ್ತಕದ ಎರಡನೆಯ ಅರ್ಧದಲ್ಲಿ ರಾಜಕೀಯ ವಿವರಣೆ ಹೆಚ್ಚಾಗಿ ಮನೆ ಹಿಂದೆ ಸರಿಯುತ್ತದೆ. ಮೊದಲರ್ಧ ಮಾತ್ರ ಶ್ರೇಷ್ಠವಾದದ್ದು.

ಇರಾನಿನ ಕ್ರಾಂತಿಯ ಕಾಲದ ಬಾಲ್ಯವನ್ನು ಹೇಳುವ ಮರ್ಜಾನ್ ಸತ್ರಪಿ ಅವರ 'ಪರ್ಸೆಪೊಲಿಸ್' ಫ್ರೆಂಚ್ ಭಾಷೆಯಲ್ಲಿ 2000ದಿಂದ 2003ರವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟವಾಯಿತು. 2007ರಲ್ಲಿ ವಿನ್ಸೆಂಟ್ ಪರೋನೋ ಅವರೊಂದಿಗೆ ಸೇರಿ ಅವರೇ ಅದನ್ನು ಚಲನಚಿತ್ರವನ್ನಾಗಿ ಮಾಡಿದರು. ಬೂದುಬಣ್ಣವೇ ಇಲ್ಲದ, ಅಚ್ಚ ಕಪ್ಪು ಮತ್ತು ಅಚ್ಚ ಬಿಳುಪಿನ ಚಿತ್ರಗಳು. ಮೊದಲ ಚೌಕಟ್ಟಿನಲ್ಲಿ ಹತ್ತು ವರ್ಷದ ಹುಡುಗಿ ತಲೆಗವಸು ಹಾಕಿಕೊಂಡು ಕೈಕಟ್ಟಿ ಕುಳಿತಿದ್ದಾಳೆ, ವರ್ಷ 1980. ಪಕ್ಕದ ಚೌಕಟ್ಟು ತರಗತಿಯ ಗುಂಪು ಭಾವಚಿತ್ರ. ಅದರಲ್ಲಿ ತಾನು ಎಡತುದಿಯಲ್ಲಿ ಇರುವುದರಿಂದ ಕಾಣುವುದಿಲ್ಲವೆಂದು ಅವಳೇ ಹೇಳುತ್ತಾಳೆ. ಚೌಕಟ್ಟಿನ ಅಂಚು ಅವಳನ್ನು ಕತ್ತರಿಸಿಹಾಕಿದೆ. ಒಂದು ಸರ್ಕಾರ ಹೆಣ್ಣುಮಕ್ಕಳನ್ನು ಕಣ್ಮರೆ ಮಾಡಹೊರಟ ಕಥೆಗೆ ಇಷ್ಟು ಸಣ್ಣ, ಇಷ್ಟು ಖಚಿತವಾದ ಆರಂಭ ಸಾಧ್ಯವಾದದ್ದು ಆ ಅಂಚಿನಿಂದ.

ಈ ಪುಸ್ತಕದ ತಂದೆತಾಯಿ 'ಮೌಸ್' ಕೃತಿಯವರಿಗೆ ಪೂರ್ತಿ ವಿರುದ್ಧ. ಅವರು ಮಗಳೊಂದಿಗೆ ರಾಜಕೀಯ ಮಾತನಾಡುತ್ತಾರೆ, ಮೆರವಣಿಗೆಗೆ ಹೋಗುತ್ತಾರೆ, ಟರ್ಕಿಯಿಂದ ಮಗಳಿಗೆಂದು ಪಾಶ್ಚಾತ್ಯ ಗಾಯಕರ ಪೋಸ್ಟರುಗಳನ್ನು ಕೋಟಿನ ಒಳಪದರದಲ್ಲಿ ಹೊಲಿದುಕೊಂಡು ತರುತ್ತಾರೆ. ಪ್ರೀತಿ ತುಂಬಿದ ಮನೆಯನ್ನು ಬೇಸರ ಬಾರದಂತೆ ಚಿತ್ರಿಸುವುದು ಕಷ್ಟದ ಕೆಲಸ. ಸತ್ರಪಿ ಅದನ್ನು ಸಾಧಿಸಿರುವುದು ಆ ಪ್ರೀತಿಗೂ ಒಂದು ಮಿತಿಯಿದೆ ಎಂದು ತೋರಿಸುವ ಮೂಲಕ. ಅಚ್ಚುಮೆಚ್ಚಿನ ಚಿಕ್ಕಪ್ಪ ಅನೂಶ್‌ನನ್ನು ಗಲ್ಲಿಗೇರಿಸಿದ ಮೇಲೆ ಹುಡುಗಿ ಅಷ್ಟು ದಿನ ತನ್ನ ಹಾಸಿಗೆಯ ಪಕ್ಕ ಬಂದು ಮಾತನಾಡುತ್ತಿದ್ದ ದೇವರನ್ನು ಕೋಣೆಯಿಂದ ಹೊರಗೆ ಕಳುಹಿಸುತ್ತಾಳೆ, ಮತ್ತು ಕಪ್ಪು ಆಕಾಶದಲ್ಲಿ ಒಬ್ಬಳೇ ತೇಲುತ್ತಾಳೆ. ಇರಾಕಿನೊಂದಿಗಿನ ಯುದ್ಧದಲ್ಲಿ ನೆರೆಮನೆಯ ಮೇಲೆ ಕ್ಷಿಪಣಿ ಬಿದ್ದ ದಿನ ಅವಶೇಷಗಳ ನಡುವೆ ಗೆಳತಿಯ ಬಳೆ ಕಾಣುತ್ತದೆ. ಅದರ ಬೆನ್ನಿಗೇ ಬರುವುದು ಪೂರ್ತಿ ಕಪ್ಪಾದ ಒಂದು ಚೌಕಟ್ಟು. ಏನನ್ನು ಚಿತ್ರಿಸಬಾರದು ಎಂಬ ವಿವೇಕವೂ ಚಿತ್ರಕಲೆಯದ್ದೇ. 1984ರಲ್ಲಿ, ಹದಿನಾಲ್ಕರ ಹರೆಯದಲ್ಲಿ, ಅವಳನ್ನು ವಿಯೆನ್ನಾಕ್ಕೆ ಕಳುಹಿಸುವ ದಿನ ಅವಳು ಹೊರಟವಳು ಒಮ್ಮೆ ತಿರುಗಿ ನೋಡುತ್ತಾಳೆ. ಗಾಜಿನಾಚೆ ತಾಯಿ ಪ್ರಜ್ಞೆ ತಪ್ಪಿ ತಂದೆಯ ತೋಳಿನಲ್ಲಿದ್ದಾಳೆ. ಮಗಳ ಮುಂದೆ ಅಷ್ಟು ಹೊತ್ತು ನಗುತ್ತಿದ್ದ ಇಬ್ಬರು ದೊಡ್ಡವರ ಧೈರ್ಯಕ್ಕೆ ಎಷ್ಟು ಬೆಲೆ ತೆರಬೇಕಾಗಿತ್ತು ಎಂಬುದು ಆ ಒಂದು ನೋಟದಲ್ಲಿ ತಿಳಿದುಬಿಡುತ್ತದೆ. ವಿಯೆನ್ನಾದ ವರ್ಷಗಳನ್ನು ಹೇಳುವ ಉತ್ತರಾರ್ಧ ನನ್ನ ಗೆಳೆಯರಲ್ಲಿ ಕೆಲವರಿಗೆ ಸಪ್ಪೆಯೆನಿಸಿದೆ. ನಾನು ಒಪ್ಪುವುದಿಲ್ಲ. ಪರದೇಶದಲ್ಲಿ ಮನೆಯಿಲ್ಲದೆ ಬೀದಿಯಲ್ಲಿ ಮಲಗಿದ ಹುಡುಗಿಯ ನಾಚಿಕೆ, ಯುದ್ಧ ಕಂಡ ತಂದೆತಾಯಿಯರಿಗೆ ತನ್ನ ಕಷ್ಟವನ್ನು ಹೇಳಿಕೊಳ್ಳಲಾಗದ ಸಂಕೋಚ, ಇವಿಲ್ಲದೆ ಬೆಳೆಯುವ ಕಥೆ ಅರ್ಧಕ್ಕೇ ನಿಲ್ಲುತ್ತಿತ್ತು.

ಆಲಿಸನ್ ಬೆಕ್ಡೆಲ್ ಅವರ 'ಫನ್ ಹೋಮ್' ಬಂದದ್ದು 2006ರಲ್ಲಿ. ನಾನು ಓದಿದವುಗಳಲ್ಲಿ ಅತ್ಯಂತ ನಿಬಿಡವಾದ, ಎರಡನೆಯ ಓದಿನಲ್ಲಿ ಅತ್ಯಂತ ಹೆಚ್ಚು ಕೊಟ್ಟ ಪುಸ್ತಕ ಇದೇ. ಪೆನ್ಸಿಲ್ವೇನಿಯಾದ ಸಣ್ಣ ಊರೊಂದರಲ್ಲಿ ತಂದೆ ಬ್ರೂಸ್ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತ, ಕುಟುಂಬದ ಶವಸಂಸ್ಕಾರ ಗೃಹವನ್ನೂ ನಡೆಸುತ್ತ, ಬಿಡುವಿನ ಸಮಯವನ್ನೆಲ್ಲ ಹಳೆಯ ಮನೆಯೊಂದನ್ನು ಒಪ್ಪಗೊಳಿಸುವುದರಲ್ಲಿ ಕಳೆಯುತ್ತಾನೆ. ಮಕ್ಕಳು ಆ ಮನೆಯಲ್ಲಿ ಪೀಠೋಪಕರಣಗಳಂತೆ ಬದುಕುತ್ತಾರೆ. ಆಲಿಸನ್ ಕಾಲೇಜಿನಿಂದ ತಾನು ಹೆಣ್ಣುಗಳನ್ನು ಪ್ರೀತಿಸುವವಳೆಂದು ಮನೆಗೆ ಪತ್ರ ಬರೆಯುತ್ತಾಳೆ. ಅದರ ಬೆನ್ನಿಗೇ ತಂದೆ ಗಂಡಸರನ್ನು ಬಯಸುತ್ತಿದ್ದ ಗುಟ್ಟೂ ಹೊರಬೀಳುತ್ತದೆ. ಕೆಲವೇ ತಿಂಗಳಲ್ಲಿ, 1980ರಲ್ಲಿ, ತಂದೆ ಲಾರಿಯೊಂದರ ಅಡಿಗೆ ಸಿಕ್ಕಿ ಸಾಯುತ್ತಾನೆ. ಅದು ಅಪಘಾತವೋ ಆತ್ಮಹತ್ಯೆಯೋ ಎಂಬ ಪ್ರಶ್ನೆಗೆ ಸುತ್ತುಸುತ್ತಿ ಬರುವ ಈ ಪುಸ್ತಕ ಕಾಲಕ್ರಮವನ್ನು ಬಿಟ್ಟುಕೊಟ್ಟಿದೆ. ಅದೇ ಸಾವು ಪ್ರತಿ ಅಧ್ಯಾಯದಲ್ಲೂ ಹೊಸ ಸಂಗತಿಯೊಂದಿಗೆ ಮರಳುತ್ತದೆ.

ಬೆಕ್ಡೆಲ್ ಇದನ್ನು ರಚಿಸಲು ಏಳು ವರ್ಷ ತೆಗೆದುಕೊಂಡರು. ಅವರ ಕೆಲಸದ ವಿಧಾನ ಈ ವಿಮರ್ಶೆಯ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು: ಪುಸ್ತಕದ ಪ್ರತಿಯೊಂದು ಪಾತ್ರದ ಭಂಗಿಗೂ ಅವರು ತಾವೇ ನಿಂತು ಫೋಟೋ ತೆಗೆದುಕೊಂಡು, ಅದನ್ನು ನೋಡಿಕೊಂಡು ಚಿತ್ರ ಬರೆದರು. ಅಂದರೆ ತಂದೆ ಬಗ್ಗಿ ಗೋಡೆಯ ಅಲಂಕಾರ ಸರಿಪಡಿಸುವ ದೃಶ್ಯಕ್ಕೆ ಮಗಳು ತಂದೆಯಂತೆ ಬಗ್ಗಿದ್ದಾರೆ, ತಂದೆ ಮಗುವಿನ ಮೇಲೆ ಕೈಯೆತ್ತಿದ ದೃಶ್ಯಕ್ಕೆ ಆ ಕೈಯನ್ನು ತಾವೇ ಎತ್ತಿದ್ದಾರೆ. ತಂದೆಯ ದೇಹದೊಳಗೆ ಇಷ್ಟು ಸಲ ನಿಂತು ಬಂದ ಮೇಲೆ ಅವನ ಮೇಲೆ ಬರೆಯುವ ಯಾವ ವಾಕ್ಯವೂ ಸುಲಭದ ತೀರ್ಪಾಗಲಾರದು. ಪುಸ್ತಕದ ನಟ್ಟನಡುವೆ ಎರಡು ಪುಟಗಳನ್ನೂ ತುಂಬಿದ ಒಂದು ಚಿತ್ರವಿದೆ: ಮಕ್ಕಳನ್ನು ನೋಡಿಕೊಳ್ಳಲು ಬರುತ್ತಿದ್ದ ಯುವಕನ ಫೋಟೋ, ತಂದೆ ತೆಗೆದದ್ದು, ಅದರ ಅಂಚಿನಲ್ಲಿ ವರ್ಷವನ್ನು ಶಾಯಿಯಿಂದ ಅಳಿಸುವ ಅರೆಮನಸ್ಸಿನ ಪ್ರಯತ್ನ. ಆ ಫೋಟೋವನ್ನು ಹಿಡಿದ ಮಗಳ ಕೈ ನಿಜವಾದ ಕೈಯಷ್ಟೇ ದೊಡ್ಡದಾಗಿ ಬಂದಿದ್ದು, ಪುಸ್ತಕ ಹಿಡಿದ ಓದುಗನ ಹೆಬ್ಬೆರಳು ಅದರ ಪಕ್ಕಕ್ಕೇ ಬರುತ್ತದೆ. ಇನ್ನೊಂದು ಕಡೆ ಹತ್ತು ವರ್ಷದ ಆಲಿಸನ್ ತನ್ನ ದಿನಚರಿಯ ಪ್ರತಿ ವಾಕ್ಯದ ಜೊತೆ "ನನಗನಿಸುತ್ತದೆ" ಎಂಬರ್ಥದ ಮಾತನ್ನು ಸೇರಿಸತೊಡಗುತ್ತಾಳೆ. ಆಮೇಲೆ ಅದಕ್ಕೆ ಬದಲು ಒಂದು ಚಿಹ್ನೆ, ಕೊನೆಗೆ ಇಡೀ ಪುಟದ ಮೇಲೆ ಅದೇ ಚಿಹ್ನೆ. ಗುಟ್ಟು ತುಂಬಿದ ಮನೆಯಲ್ಲಿ ಬೆಳೆಯುವ ಮಗುವಿಗೆ ತಾನು ಕಂಡದ್ದರ ಮೇಲೆಯೇ ನಂಬಿಕೆ ಕುಸಿಯುವುದನ್ನು ಆ ಪುಟಗಳು ಯಾವ ವ್ಯಾಖ್ಯಾನವೂ ಇಲ್ಲದೆ ತೋರಿಸುತ್ತವೆ.

ಈ ಪುಸ್ತಕದ ತೊಡಕೊಂದನ್ನು ಹೇಳಲೇಬೇಕು. ಗ್ರೀಕ್ ಪುರಾಣದಿಂದ ಹಿಡಿದು ಆಧುನಿಕ ಕಾದಂಬರಿಗಳವರೆಗೆ ಸಾಹಿತ್ಯದ ಉಲ್ಲೇಖಗಳು ದಟ್ಟವಾಗಿವೆ. ತಂದೆ ಮತ್ತು ಮಗಳು ನೇರವಾಗಿ ಆಡಲಾರದ ಮಾತನ್ನು ಪುಸ್ತಕಗಳ ಮೂಲಕ ಆಡುತ್ತಿದ್ದವರಾದ್ದರಿಂದ ಅದಕ್ಕೆ ಕಾರಣವಿದೆ. ಆದರೂ ಗ್ರಾಫಿಕ್ ಕೃತಿಗಳಿಗೆ ಹೊಸಬರಾದವರಿಗೆ ಇದನ್ನೇ ಮೊದಲು ಕೊಡುವುದು ಸರಿಯಲ್ಲ. ಕಥೆ ಮನಸ್ಸಿಗೆ ಹತ್ತಿದವರು ಇದನ್ನು ಆಧರಿಸಿದ ಸಂಗೀತ ನಾಟಕ 2015ರಲ್ಲಿ ಅಮೆರಿಕದ ರಂಗಭೂಮಿಯ ಟೋನಿ ಪ್ರಶಸ್ತಿ ಪಡೆದದ್ದನ್ನೂ, ತಾಯಿಯ ಕುರಿತು ಬೆಕ್ಡೆಲ್ 2012ರಲ್ಲಿ ಪ್ರತ್ಯೇಕ ಪುಸ್ತಕ ಬರೆದದ್ದನ್ನೂ ತಿಳಿದಿರಲಿ. ಆ ಎರಡನೆಯ ಪುಸ್ತಕ ಮನೋವಿಶ್ಲೇಷಣೆಯ ಸಿದ್ಧಾಂತಗಳಲ್ಲಿ ಬಹಳ ಹೊತ್ತು ಕಳೆಯುತ್ತದೆ, ಮೊದಲಿನದರ ಬಿಗಿ ಅದಕ್ಕಿಲ್ಲ.

ಥಿ ಬುಯಿ ಅವರ 'ದಿ ಬೆಸ್ಟ್ ವಿ ಕುಡ್ ಡೂ' 2017ರಲ್ಲಿ ಬಂತು. ಯಾರಿಗಾದರೂ ಒಂದೇ ಒಂದು ಪುಸ್ತಕ ಹೇಳಬೇಕಾಗಿ ಬಂದರೆ ನಾನು ಹೇಳುವುದು ಇದನ್ನು. ಲೇಖಕಿ ಹುಟ್ಟಿದ್ದು 1975ರಲ್ಲಿ, ದಕ್ಷಿಣ ವಿಯೆಟ್ನಾಮಿನ ರಾಜಧಾನಿ ಸೈಗಾನಿನ ಪತನಕ್ಕೆ ಮೂರು ತಿಂಗಳ ಮುಂಚೆ; 1978ರಲ್ಲಿ ಕುಟುಂಬ ದೋಣಿಯಲ್ಲಿ ಮಲೇಷ್ಯಾದ ನಿರಾಶ್ರಿತರ ಶಿಬಿರ ಸೇರಿ, ಅಲ್ಲಿಂದ ಅಮೆರಿಕಕ್ಕೆ ಹೋಯಿತು. ಕಥೆ ಆರಂಭವಾಗುವುದು ಲೇಖಕಿಯ ಹೆರಿಗೆಯ ನೋವಿನಿಂದ. ತಾನು ತಾಯಿಯಾದ ಗಳಿಗೆಯಲ್ಲಿ ತನ್ನ ತಾಯಿಯ ಆರು ಹೆರಿಗೆಗಳ ಕಡೆಗೆ ಗಮನ ಹೋಗುತ್ತದೆ, ಮತ್ತು ಪುಸ್ತಕ ಅವನ್ನು ಹಿಂದುಮುಂದಾಗಿ, ಶಿಬಿರದಲ್ಲಿ ಹುಟ್ಟಿದ ತಮ್ಮನಿಂದ ತೀರಿಹೋದ ಚೊಚ್ಚಲ ಮಗುವಿನವರೆಗೆ ಹೇಳುತ್ತದೆ. ಹೀಗೆ ಹಿಂದಕ್ಕೆ ಹೋದಷ್ಟೂ ತಾಯಿ ಚಿಕ್ಕವಳಾಗುತ್ತಾಳೆ. ಮಗಳಿಗೆ ಪರಿಚಯವಿದ್ದ ದಣಿದ, ಮೌನದ ಹೆಂಗಸಿನ ಜಾಗದಲ್ಲಿ ಓದಿನ ಕನಸು ಕಾಣುತ್ತಿದ್ದ, ಮದುವೆಯೇ ಬೇಡವೆಂದುಕೊಂಡಿದ್ದ ಹುಡುಗಿಯೊಬ್ಬಳು ಕಾಣಿಸುತ್ತಾಳೆ.

ತಂದೆಯ ಭಾಗ ಇನ್ನೂ ಗಟ್ಟಿಯಾಗಿದೆ. ಅಮೆರಿಕದ ಕತ್ತಲು ತುಂಬಿದ ಮನೆಯಲ್ಲಿ ಸಿಗರೇಟು ಸೇದುತ್ತ, ಮಕ್ಕಳಿಗೆ ಹೆದರಿಕೆಯ ಕಥೆ ಹೇಳುತ್ತ, ದಿನವಿಡೀ ಬಾಗಿಲು ಮುಚ್ಚಿಕೊಂಡು ಕೂರುವ ತಂದೆ ಮೊದಲು ಬರುತ್ತಾನೆ. ಆ ಭಯದಲ್ಲಿ ಬೆಳೆದ ಮಗಳು ಆಮೇಲೆ ಅವನ ಬಾಲ್ಯವನ್ನು ಚಿತ್ರಿಸುತ್ತಾಳೆ: ಉತ್ತರ ವಿಯೆಟ್ನಾಮಿನ ಕ್ಷಾಮ, ತಾಯಿಯಿಂದ ದೂರವಾದ ಪುಟ್ಟ ಹುಡುಗ, ಸೈನಿಕರು ಬಂದಾಗ ನೆಲದಡಿಯಲ್ಲಿ ಅವಿತ ರಾತ್ರಿ. ಆ ಹುಡುಗನ ಮುಖದ ಮೇಲಿನ ಭಯವೂ ನಂತರದ ತಂದೆಯ ಮುಖದ ಭಯವೂ ಒಂದೇ ಎಂಬುದನ್ನು ರೇಖೆಗಳೇ ಹೇಳುತ್ತವೆ. ಇಡೀ ಪುಸ್ತಕಕ್ಕೆ ಕಪ್ಪು ಶಾಯಿಯ ಜೊತೆ ಇಟ್ಟಿಗೆ ಬಣ್ಣವೊಂದನ್ನು ನೀರಿನಲ್ಲಿ ತೆಳುವಾಗಿಸಿ ಬಳಸಿದ್ದು, ಒಂದೇ ಬಣ್ಣ ಕೆಲವು ಕಡೆ ಮಣ್ಣಾಗಿ, ಕೆಲವು ಕಡೆ ರಕ್ತವಾಗಿ, ಸಮುದ್ರದ ಪುಟಗಳಲ್ಲಿ ಸಂಜೆಯಾಗಿ ಕಾಣುತ್ತದೆ. ಮನೆಯ ಹತ್ತಿರ ಬೆಂಕಿ ಹತ್ತಿದಾಗ ಯಾರೂ ಹೇಳದೆಯೇ ದಾಖಲೆಗಳ ಕಡತ ಎತ್ತಿಕೊಂಡು ಹೊರಗೋಡುವ ಪ್ರಸಂಗವೂ ಈ ಪುಸ್ತಕದ್ದೇ; ಮನೆತನದಿಂದ ಬಂದ ಆಸ್ತಿ ಎಂದರೆ ಆ ಪ್ರತಿಕ್ರಿಯೆಯೇ ಎಂದು ಲೇಖಕಿ ಗುರುತಿಸುತ್ತಾರೆ.

ಡೇವಿಡ್ ಸ್ಮಾಲ್ ಅವರ 'ಸ್ಟಿಚಸ್' 2009ರದ್ದು. ಮಕ್ಕಳ ಪುಸ್ತಕಗಳ ಚಿತ್ರಕಾರರಾಗಿ ಹೆಸರಾದವರು ಇಂಥ ಕಠಿಣ ಪುಸ್ತಕ ಬರೆದದ್ದು ಆಶ್ಚರ್ಯ. ಎಕ್ಸ್‌ರೇ ತಜ್ಞನಾದ ತಂದೆ ಮಗುವಿನ ಉಸಿರಾಟದ ತೊಂದರೆಗೆ ಚಿಕಿತ್ಸೆಯೆಂದು ಪದೇ ಪದೇ ವಿಕಿರಣ ಕೊಡುತ್ತಾನೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಕುತ್ತಿಗೆಯ ಗಂಟಿಗೆ ಶಸ್ತ್ರಚಿಕಿತ್ಸೆಯಾಗಿ ಹುಡುಗನ ಧ್ವನಿ ಹೋಗುತ್ತದೆ. ಅದು ಕ್ಯಾನ್ಸರ್ ಆಗಿತ್ತೆಂದು ಮನೆಯಲ್ಲಿ ಯಾರೂ ಅವನಿಗೆ ಹೇಳುವುದಿಲ್ಲ. ಮಾತಿಲ್ಲದ ಆ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಭಾಷೆ: ತಾಯಿಗೆ ಕಪಾಟಿನ ಬಾಗಿಲು, ತಂದೆಗೆ ಗುದ್ದುವ ಚೀಲ, ಅಣ್ಣನಿಗೆ ಡ್ರಮ್ಮು, ಇವನಿಗೆ ಕಾಯಿಲೆ. ತಾಯಿ ತನ್ನನ್ನು ಪ್ರೀತಿಸುವುದಿಲ್ಲ ಎಂಬ ಸತ್ಯವನ್ನು ಮನೋವೈದ್ಯರು ನೇರವಾಗಿ ಹೇಳಿದ ಮೇಲೆ ಪುಟ ಪುಟಗಳ ಉದ್ದಕ್ಕೂ ಮಾತಿಲ್ಲ, ಮಳೆ ಮಾತ್ರ. ಬೂದುಬಣ್ಣದ ಆ ಪುಟಗಳಿಗಾಗಿಯಾದರೂ ಈ ಪುಸ್ತಕ ಓದಬೇಕು. ಆಸ್ಪತ್ರೆಯ ಅನುಭವದಿಂದ ಈಚೆಗಷ್ಟೇ ಹೊರಬಂದವರಿಗೆ ಮಾತ್ರ ನಾನು ಇದನ್ನು ಕೊಡುವುದಿಲ್ಲ.

ಚಿಕ್ಕ ವಯಸ್ಸಿನ ಓದುಗರಿಗೆ, ಹಾಗೆಯೇ ಚಿತ್ರಕಥೆಗಳನ್ನು ಓದಿ ಅಭ್ಯಾಸವಿಲ್ಲದ ದೊಡ್ಡವರಿಗೆ, ಸಿಸಿ ಬೆಲ್ ಅವರ 'ಎಲ್ ಡೆಫೋ' ಒಳ್ಳೆಯ ಬಾಗಿಲು. 2014ರ ಈ ಪುಸ್ತಕ ಮರುವರ್ಷ ಅಮೆರಿಕದಲ್ಲಿ ಮಕ್ಕಳ ಸಾಹಿತ್ಯಕ್ಕೆ ಕೊಡುವ ನ್ಯೂಬೆರಿ ಗೌರವ ಪಡೆಯಿತು. ನಾಲ್ಕನೆಯ ವಯಸ್ಸಿನಲ್ಲಿ ಮಿದುಳುಪೊರೆಯ ಜ್ವರದಿಂದ ಶ್ರವಣಶಕ್ತಿ ಕಳೆದುಕೊಂಡ ಹುಡುಗಿಯ ಕಥೆಯಲ್ಲಿ ಎಲ್ಲರೂ ಮೊಲಗಳು, ಅಂದರೆ ಎಲ್ಲರಿಗೂ ಎದ್ದುಕಾಣುವ ಕಿವಿಗಳು. ಶ್ರವಣಯಂತ್ರದ ಬ್ಯಾಟರಿ ಮುಗಿಯುತ್ತ ಬಂದಂತೆ ಮಾತಿನ ಬಲೂನಿನೊಳಗಿನ ಅಕ್ಷರಗಳು ಮಸುಕಾಗಿ, ಕೊನೆಗೆ ಬಲೂನು ಬರಿದಾಗುತ್ತದೆ. ಕೇಳಿಸದಿರುವುದು ಎಂದರೇನು ಎಂಬುದು ಓದುಗನ ಕಣ್ಣಿಗೇ ಅನುಭವವಾಗುತ್ತದೆ. ಜಾರೆಟ್ ಕ್ರೊಸೊಜ್ಕಾ ಅವರ 2018ರ 'ಹೇ, ಕಿಡ್ಡೋ' ಹದಿಹರೆಯದವರಿಗೆ ಸೂಕ್ತವಾದದ್ದು. ಮಾದಕವ್ಯಸನಿಯಾದ ತಾಯಿಯಿಂದ ದೂರವಾಗಿ ಅಜ್ಜ ಅಜ್ಜಿಯ ಮನೆಯಲ್ಲಿ ಬೆಳೆದ ಹುಡುಗನ ಕಥೆಯಲ್ಲಿ ತಾಯಿ ಕಳುಹಿಸಿದ ನಿಜವಾದ ಪತ್ರಗಳನ್ನೇ ಸೇರಿಸಿದ್ದಾರೆ. ಅಜ್ಜಿಯ ಒರಟು ಬಾಯಿಯನ್ನು ಸಿಹಿಯಾಗಿಸಲು ಹೋಗದಿರುವುದು ಅದರ ದೊಡ್ಡ ಗುಣ. ರೈನಾ ಟೆಲ್ಗೆಮೈಯರ್ ಅವರ 'ಸ್ಮೈಲ್' ಮತ್ತು 'ಸಿಸ್ಟರ್ಸ್' ಹತ್ತು ಹನ್ನೆರಡು ವರ್ಷದವರಿಗೆ ಕಣ್ಣುಮುಚ್ಚಿ ಕೊಡಬಹುದಾದವು.

ಕ್ರೇಗ್ ಥಾಂಪ್ಸನ್ ಅವರ 2003ರ 'ಬ್ಲ್ಯಾಂಕೆಟ್ಸ್' ಬಗ್ಗೆ ನನ್ನ ಗೆಳೆಯರ ಉತ್ಸಾಹದಷ್ಟು ಉತ್ಸಾಹ ನನಗೆ ಬರಲಿಲ್ಲ. ಆರುನೂರು ಪುಟಗಳ ಸಮೀಪಕ್ಕೆ ಬರುವ ಈ ಪುಸ್ತಕದ ಕುಂಚದ ಕೆಲಸ, ಅದರಲ್ಲೂ ಹಿಮದ ಪುಟಗಳು, ಬೆರಗು ಹುಟ್ಟಿಸುತ್ತವೆ. ಒಂದೇ ಹಾಸಿಗೆಯಲ್ಲಿ ಹೊದಿಕೆಗಾಗಿ ಕಿತ್ತಾಡುವ ಅಣ್ಣತಮ್ಮಂದಿರ ಭಾಗ ಬಹಳ ನಿಜವಾಗಿದೆ. ಆದರೆ ಮೊದಲ ಪ್ರೇಮದ ಕಥೆಗೆ ಕೊಟ್ಟಷ್ಟು ಜಾಗವನ್ನು ತಂದೆತಾಯಿಯರಿಗೆ ಕೊಟ್ಟಿಲ್ಲ. ಅವರು ಕಟ್ಟುನಿಟ್ಟಿನ ಧಾರ್ಮಿಕರಾಗಿ ದೂರದಲ್ಲೇ ನಿಲ್ಲುತ್ತಾರೆ.

ಸಿರಿಯಾದ ತಂದೆ ಮತ್ತು ಫ್ರೆಂಚ್ ತಾಯಿಯ ಮಗನಾದ ರಿಯಾದ್ ಸತ್ತೂಫ್ ಅವರ ಆರು ಸಂಪುಟಗಳ 'ದಿ ಅರಬ್ ಆಫ್ ದ ಫ್ಯೂಚರ್' 2014ರಲ್ಲಿ ಶುರುವಾಗಿ 2022ರಲ್ಲಿ ಮುಗಿಯಿತು. ಲಿಬಿಯಾ ಹಳದಿ, ಫ್ರಾನ್ಸ್ ನೀಲಿ, ಸಿರಿಯಾ ಗುಲಾಬಿ ಎಂದು ದೇಶಕ್ಕೊಂದು ಬಣ್ಣ ಕೊಟ್ಟಿರುವುದರಿಂದ ಪುಟ ತಿರುವಿದೊಡನೆ ಹವೆಯೇ ಬದಲಾದಂತೆ ಅನಿಸುತ್ತದೆ. ಮಗುವಿನ ಕಣ್ಣಿಗೆ ವೀರನಾಗಿ ಕಂಡ ತಂದೆ ಸಂಪುಟದಿಂದ ಸಂಪುಟಕ್ಕೆ ಕುಗ್ಗುತ್ತ ಹೋಗುವುದನ್ನು ಲೇಖಕರು ಎಲ್ಲೂ ವ್ಯಾಖ್ಯ ಮಾಡದೆ ತೋರಿಸಿದ್ದಾರೆ. ಹಾಗಾಗಿ ಮೊದಲ ಸಂಪುಟ ಮಾತ್ರ ಓದಿ ಇದೊಂದು ಹಗುರವಾದ ಪುಸ್ತಕವೆಂದು ತೀರ್ಮಾನಿಸುವವರಿಗೆ ಮುಂದುವರಿಸಿ ಎಂದು ಹೇಳುವೆ.

ಈ ಪುಸ್ತಕಗಳನ್ನು ಸಾಧ್ಯವಾದಷ್ಟೂ ಅಚ್ಚಿನಲ್ಲೇ ಓದಬೇಕು. ಮೊಬೈಲಿನ ಸಣ್ಣ ಪರದೆಯಲ್ಲಿ ಒಂದೊಂದೇ ಚೌಕಟ್ಟನ್ನು ಹಿಗ್ಗಿಸಿ ನೋಡುವಾಗ ಇಡೀ ಪುಟದ ರಚನೆ ಕೈತಪ್ಪುತ್ತದೆ, 'ಫನ್ ಹೋಮ್' ಕೃತಿಯ ಆ ಎರಡು ಪುಟದ ಕೈ ಸಣ್ಣ ಚಿತ್ರವಾಗಿಬಿಡುತ್ತದೆ, 'ಪರ್ಸೆಪೊಲಿಸ್' ಕೃತಿಯ ಕಪ್ಪು ಚೌಕಟ್ಟು ಪರದೆ ಆರಿಹೋದಂತೆ ಕಾಣುತ್ತದೆ. ವೇಗವಾಗಿ ಓದಿ ಮುಗಿಸಬಹುದೆಂಬ ಭ್ರಮೆಯನ್ನೂ ಬಿಡಬೇಕು. ಮಾತು ಕಡಿಮೆಯಿರುವ ಪುಟಗಳೇ ಹೆಚ್ಚು ಹೊತ್ತು ಬೇಡುತ್ತವೆ.

ಮಧ್ಯವಯಸ್ಸಿನ ಗೆಳೆಯರಿಗೆ ನಾನು ಈಗ ಮೊದಲು ಹೇಳುತ್ತಿರುವುದು ರಾಜ್ ಚಾಸ್ಟ್ ಅವರ 2014ರ 'ಕಾಂಟ್ ವಿ ಟಾಕ್ ಅಬೌಟ್ ಸಮ್‌ಥಿಂಗ್ ಮೋರ್ ಪ್ಲೆಸೆಂಟ್?' ಎಂಬ ಪುಸ್ತಕವನ್ನು. 'ದಿ ನ್ಯೂಯಾರ್ಕರ್' ಪತ್ರಿಕೆಯ ವ್ಯಂಗ್ಯಚಿತ್ರಕಾರರಾದ ಚಾಸ್ಟ್, ತೊಂಬತ್ತು ದಾಟಿದ ತಂದೆತಾಯಿಯರ ಕೊನೆಯ ವರ್ಷಗಳನ್ನು ನೋಡಿಕೊಂಡ ಒಬ್ಬಳೇ ಮಗಳು. ಅಂಜುಬುರುಕ ತಂದೆ, ಎಲ್ಲರನ್ನೂ ಆಳುವ ತಾಯಿ, ಸಾವಿನ ಮಾತೆತ್ತಿದರೆ ವಿಷಯ ಬದಲಿಸುವ ಇಬ್ಬರೂ, ಆರೈಕೆಯ ಮನೆಯ ಖರ್ಚು ಉಳಿತಾಯವನ್ನು ಕರಗಿಸುವಾಗ ಮಗಳ ಮನಸ್ಸಿನಲ್ಲಿ ಓಡುವ ಲೆಕ್ಕ, ಆ ಲೆಕ್ಕಕ್ಕಾಗಿ ಹುಟ್ಟುವ ನಾಚಿಕೆ, ಎಲ್ಲವೂ ಇಲ್ಲಿ ಬಿಚ್ಚುಮನಸ್ಸಿನಿಂದ ಬಂದಿವೆ. ಖಾಲಿ ಮಾಡಿದ ಮನೆಯ ಸಾಮಾನುಗಳನ್ನು, ಹಳೆಯ ಕನ್ನಡಕಗಳು, ಪರ್ಸುಗಳು, ಡಬ್ಬಿಯ ಮುಚ್ಚಳಗಳು ತುಂಬಿದ ಸೆಳೆಖಾನೆ ಇವನ್ನು ಚಿತ್ರಿಸದೆ ಫೋಟೋಗಳಲ್ಲೇ ಕೊಟ್ಟಿದ್ದಾರೆ. ತಾಯಿಯ ಕೊನೆಯ ದಿನಗಳಿಗೆ ಬಂದಾಗ ನಗಿಸುವ ಶೈಲಿ ಪೂರ್ತಿ ನಿಂತು, ಹಾಸಿಗೆಯ ಪಕ್ಕ ಕುಳಿತು ಬರೆದ ಶಾಯಿಯ ರೇಖಾಚಿತ್ರಗಳು ಒಂದಾದ ಮೇಲೊಂದು ಬರುತ್ತವೆ: ಮುಚ್ಚಿದ ಕಣ್ಣು, ತೆರೆದ ಬಾಯಿ, ದಿಂಬಿನ ಮೇಲೆ ಸಣ್ಣದಾದ ತಲೆ. ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುತ್ತಿರುವ ಗೆಳೆಯರಿಗೆ ಈ ಪುಸ್ತಕ ಕೊಡುವುದಾದರೆ ಆ ಪುಟಗಳಿರುವುದನ್ನು ಮೊದಲೇ ಹೇಳಿ ಕೊಡುವುದು ಒಳ್ಳೆಯದು.